ಕಿಡಿ ಐತೆ, ಕಿಡಿ ಇಲ್ಲ

ಮದ್ದೂರು
26 ಮಾರ್ಚ್ 2024

ಕುಸುಮ ಮೇಡಂ ಅವರಿಗೆ ಶಿವರಾಮು ಮಾಡುವ ನಮಸ್ಕಾರ.

ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ನಿಮ್ಮ ಮನೆಗೆ ಬರೆದರೆ ನಿಮ್ಮ ಅವ್ವನ ಕೈಗೆ ಸಿಗುತ್ತದೆ ಅಂತ ಕಾಲೇಜಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಾನು ಕಾಗದ ಬರೆದು ಇಪ್ಪತ್ತು ವರ್ಷ ಆಗಿರಬೇಕು. ತಪ್ಪಿದ್ದರೆ, ನೀವು ಕನ್ನಡ ಪಾಠ ಮಾಡುವವರು, ತಿದ್ದಿಕೊಂಡು ಓದಿ.

ನಿಮ್ಮ ತಮ್ಮ ಯತೀಶ ಹೋಗಿ ಇವತ್ತಿಗೆ ಎರಡು ತಿಂಗಳು ಐದು ದಿನ.

ನನಗೆ ಬೇಕಾಗಿರುವುದು ಒಂದೇ. ಅವನು ರಿಮೋಟಿನಲ್ಲಿ ಹಾರಿಸಲು ಕಟ್ಟಿದ ಮಾದರಿ ವಿಮಾನದ ಮೂತಿಯಲ್ಲಿ, ಇಂಜಿನ್ ಹಿಂದೆ, ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದಪ್ಪದ ಒಂದು ಕರಿ ಪೆಟ್ಟಿಗೆ ಇದೆ. ಇಗ್ನಿಷನ್ ಅಂದರೆ ಅದೇ. ಇಂಜಿನ್ ಯತೀಶ ತರಿಸಿದ್ದು, ಮೂವತ್ತು ಸಿಸಿ, ಪೆಟ್ರೋಲಿನದು. ಪೆಟ್ಟಿಗೆ ನಾನು ಕಟ್ಟಿದ್ದು. ವಿಮಾನದ ಮುಂದಿನ ಫ್ಯಾನಿನ ಬುಡದಲ್ಲಿ ಒಂದು ಚೂರು ಅಯಸ್ಕಾಂತ ಇದೆ. ಫ್ಯಾನು ತಿರುಗಿ ಆ ಅಯಸ್ಕಾಂತ ಸೆನ್ಸರ್ ಮುಂದೆ ಹಾದರೆ ಪೆಟ್ಟಿಗೆ ಪ್ಲಗ್ಗಿಗೆ ಒಂದು ಕಿಡಿ ಕೊಡುತ್ತದೆ. ಸ್ವಿಚ್ ಆಫ್ ಇದ್ದರೆ ಫ್ಯಾನನ್ನು ಎಷ್ಟು ತಿರುಗಿಸಿದರೂ ಕಿಡಿ ಬರಬಾರದು. ಅವತ್ತು ಬಂತು. ಯಾಕೆ ಬಂತು ಅಂತ ನನಗೆ ಗೊತ್ತಾಗಬೇಕು. ಪೆಟ್ಟಿಗೆಯನ್ನು ಬ್ಯಾಟರಿ, ಸ್ವಿಚ್ಚು ಸಮೇತ ಕಳಿಸಿಕೊಡಿ.

ನಿಮ್ಮ ಬೆಳಕವಾಡಿ ಹೊಲದಲ್ಲಿ ಅವನನ್ನು ಹೂಳುವಾಗ ಅವ್ವ ಎಲ್ಲರ ಮುಂದೆ ನನ್ನ ಅಂಗಿ ಹಿಡಿದು, 'ನಿನ್ ಪೆಟ್ಗೆ ನನ್ ಮಗನ್ನ ತಿಂತು ಕಣ್ಲಾ. ಇನ್ಯಾರ್ ಮನೆ ಮಗನ್ನ ತಿನ್ನಾಕೆ ಕಟ್ಟೀಯೋ ಕಟ್ಟೋಗು' ಅಂದರು. ನೀವು ಪಕ್ಕದಲ್ಲೇ ನಿಂತಿದ್ದಿರಿ. ಆ ಮಾತು ನನಗಿಂತ ಮುಂಚೆ ಮದ್ದೂರು ತಲುಪಿತ್ತು. ರಿಪೇರಿಗೆ ಕೊಟ್ಟಿದ್ದ ಮಿಕ್ಸಿಗಳನ್ನು ಜನ ಹಾಗೇ ವಾಪಸ್ಸು ತಗೊಂಡು ಹೋದರು. ಹದಿನೈದು ವರ್ಷದಿಂದ ಪಂಪ್‌ಸೆಟ್ಟಿನ ಕೆಲಸ ನನಗೇ ಕೊಡುತ್ತಿದ್ದ ಮರಿಸಿದ್ದಯ್ಯ ಹೇಳಿದ, 'ನೀನು ಒಳ್ಳೇವ್ನೇ ಕಣಪ್ಪ. ನಿನ್ ಕೈಗುಣ ಯಾಕೋ ಸರಿಗಿಲ್ಲ.'

ಕೈಗುಣ ಸರಿ ಇದೆಯೋ ಇಲ್ಲವೋ ಪೆಟ್ಟಿಗೆ ಬಿಚ್ಚಿದರೆ ಗೊತ್ತಾಗುತ್ತದೆ.

ಇಂತಿ,
ಶಿವರಾಮು


ಮಳವಳ್ಳಿ
9 ಏಪ್ರಿಲ್ 2024

ಶಿವರಾಮು ಅವರಿಗೆ,

ನಿಮ್ಮ ಕಾಗದ ಸಿಕ್ಕಿತು. ಮೇಡಂ ಎಂದು ಬರೆದಿದ್ದೀರಿ. ಯತೀಶ ಇದ್ದಾಗ ಕುಸುಮಕ್ಕ ಎನ್ನುತ್ತಿದ್ದಿರಿ. ತಪ್ಪು ಹುಡುಕುತ್ತಿಲ್ಲ, ಗಮನಿಸಿದೆ ಅಷ್ಟೆ.

ಪೆಟ್ಟಿಗೆ ನನ್ನ ಬಳಿಯೇ ಇದೆ. ಸದ್ಯಕ್ಕೆ ಕಳಿಸಲಾರೆ. ವಿಮಾನವನ್ನು ಹಿಂದಿನ ಕೋಣೆಯಲ್ಲಿ ಬೆಡ್‌ಶೀಟ್ ಮುಚ್ಚಿ ಇಟ್ಟಿದ್ದೇವೆ. ಅವ್ವ ಆ ಕೋಣೆಗೆ ಹೋಗುವುದಿಲ್ಲ, ನನ್ನನ್ನೂ ಹೋಗಲು ಬಿಡುವುದಿಲ್ಲ.

ಆ ಭಾನುವಾರದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕೆರೆಯಂಗಳದಲ್ಲಿ ನಾವಿಬ್ಬರೇ ಇದ್ದೆವು. ವಿಮಾನ ಮುಂದಕ್ಕೆ ಜರುಗದಂತೆ ನಾನು ಹಿಂದೆ ಕೂತು ಹಿಡಿದುಕೊಂಡಿದ್ದೆ. ಸ್ವಿಚ್ಚು ನನ್ನ ಕೈಯಳತೆಯಲ್ಲಿತ್ತು. ಅವನು ಮುಂದೆ ಫ್ಯಾನಿನ ಹತ್ತಿರ. ಇಂಜಿನ್ ಹೊತ್ತಿಕೊಳ್ಳಲಿಲ್ಲ. ಕೈ ಹಾಕುವ ಮುಂಚೆ ಸ್ವಿಚ್ ಆಫ್ ಆಗಿದೆಯೇ ಎಂದು ಕೇಳಿದ. ಆಫ್ ಎಂದೆ. ಫ್ಯಾನು ಒಂದೇ ಸುತ್ತು ತಿರುಗಿತು. ಅವನ ತೋಳಿನ ಒಳಭಾಗ ಸೀಳಿತು, ಫ್ಯಾನೂ ಮುರಿಯಿತು. ನನ್ನ ಸೆರಗು ಹರಿದು ಕಟ್ಟಿದೆ. ಮಳವಳ್ಳಿಯ ಆಸ್ಪತ್ರೆಯಲ್ಲಿ ಮಂಡ್ಯಕ್ಕೆ ಒಯ್ಯಿರಿ ಎಂದರು. ಮಂಡ್ಯ ತಲುಪಲಿಲ್ಲ.

ಪೊಲೀಸರಿಗೂ ಇಷ್ಟೇ ಹೇಳಿದ್ದೇನೆ. ಕಿಡಿ ಯಾಕೆ ಬಂತೆಂದು ತಿಳಿದರೆ ಯಾರಿಗೆ ಏನು ಸಿಗುತ್ತದೆ?

ಕುಸುಮ


ಮದ್ದೂರು
15 ಏಪ್ರಿಲ್ 2024

ಕುಸುಮ ಮೇಡಂ ಅವರಿಗೆ,

ಯಾರಿಗೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಹೇಳುತ್ತೇನೆ.

ಆ ಪೆಟ್ಟಿಗೆಯೊಳಗೆ ಒಂದು ಕಂಡೆನ್ಸರ್ ಇದೆ. ಕಿಡಿಗೆ ಬೇಕಾದ ಕರೆಂಟನ್ನು ತುಂಬಿಕೊಂಡು ಕಾಯುವುದು ಅದರ ಕೆಲಸ. ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಅದು ಇಳಿದು ಹೋಗಲಿ ಅಂತ ಪಕ್ಕದಲ್ಲಿ ಒಂದು ಸಣ್ಣ ರೆಸಿಸ್ಟರ್ ಬೆಸೆದಿದ್ದೆ. ಬೆಸೆದಿದ್ದೆ ಅಂತ ನನ್ನ ಕೈ ಹೇಳುತ್ತದೆ. ಆ ಬೆಸುಗೆ ಬಿಟ್ಟಿದ್ದರೆ? ಇಂಜಿನ್ ಅದುರುವ ಸಾಮಾನು, ಬಿಡಬಹುದು. ಬಿಟ್ಟಿದ್ದರೆ, ನೀವು ಆಫ್ ಮಾಡಿದ ಮೇಲೂ ಒಂದು ಕಿಡಿ ಬಂದಿರಬಹುದು. ಆಗ ಅವ್ವ ಹೇಳಿದ್ದು ಸರಿ. ನಾನೇ ಕೊಂದೆ.

ಈ ಮೂರು ತಿಂಗಳಲ್ಲಿ ನಾನು ಬೆಸುಗೆ ಕಡ್ಡಿ ಮುಟ್ಟಿಲ್ಲ. ನನ್ನ ಹೆಂಡತಿ ನಾಗಮಣಿ, 'ಮುಟ್ದೇ ಇದ್ರೆ ಮನೇಲಿ ಒಲೆ ಉರಿಯಕಿಲ್ಲ' ಅನ್ನುತ್ತಾಳೆ. ಅದೂ ನಿಜ.

ಇನ್ನೊಂದು ವಿಷಯ. ಸ್ವಿಚ್ 'ಆಫ್' ಆಗಿದೆಯೇ ಅಂತ ಕೇಳಿದ ಅಂತ ಬರೆದಿದ್ದೀರಿ. ನನ್ನ ಜೊತೆ ಇದ್ದಾಗ ಅವನು ಯಾವತ್ತೂ ಹಾಗೆ ಕೇಳಿದವನಲ್ಲ. ನಮ್ಮಪ್ಪ ಅಂಕಯ್ಯ ಲೈನ್‌ಮನ್‌ಗಳ ಜೊತೆ ಕಂಬ ಹತ್ತುತ್ತಿದ್ದವರು. 'ಕರೆಂಟು ಐತೆ, ಕರೆಂಟು ಇಲ್ಲ. ಎರಡೇ ಮಾತು ಕಣ್ಲಾ. ಮೂರನೇ ಮಾತಾಡೋನ್ ಜೊತೆ ಕಂಬ ಅತ್ತಬ್ಯಾಡ' ಅನ್ನುತ್ತಿದ್ದರು. ಅದನ್ನೇ ನಾನು ಯತೀಶನಿಗೆ ಹೇಳಿಕೊಟ್ಟಿದ್ದೆ. ಸ್ವಿಚ್ಚಿನ ಹತ್ತಿರ ಇರುವವನು 'ಕಿಡಿ ಐತೆ' ಅಥವಾ 'ಕಿಡಿ ಇಲ್ಲ' ಅಂತ ಕೂಗಬೇಕು, ಮುಂದೆ ಇರುವವನು ಅದನ್ನೇ ತಿರುಗಿ ಕೂಗಬೇಕು. ಅವನು ಕೆಲಸಕ್ಕಿದ್ದ ವಿ.ಸಿ. ಫಾರಂನಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡುವಾಗಲೂ ಹೀಗೇ ಕೂಗುತ್ತಿದ್ದನಂತೆ. ಜೊತೆಯವರು ನಗುತ್ತಿದ್ದರಂತೆ.

ಆ ಭಾನುವಾರ ನಾನು ಬರಬೇಕಿತ್ತು. ಒಂದು ಗೃಹಪ್ರವೇಶಕ್ಕೆ ಸೀರಿಯಲ್ ಸೆಟ್ ದೀಪ ಕಟ್ಟುವ ಕೆಲಸ ಒಪ್ಪಿಕೊಂಡಿದ್ದೆ. 'ಬುಡ್ಲಾ, ನಮ್ಮಕ್ಕ ಅವ್ಳೆ ಇಡ್ಕೊಳಾಕೆ' ಅಂದ.

ಅವನು ಕೇಳಿದ್ದು ಯಾವ ಮಾತು? ನೀವು ಹೇಳಿದ್ದು ಯಾವ ಮಾತು? ಅಷ್ಟು ನೆನಪು ಮಾಡಿಕೊಂಡು ಬರೆಯಿರಿ. ಪೆಟ್ಟಿಗೆ ಕಳಿಸಿ.

ಶಿವರಾಮು


ಮಳವಳ್ಳಿ
30 ಜೂನ್ 2024

ಶಿವರಾಮು ಅವರಿಗೆ,

ತಡವಾಯಿತು. ನಡುವೆ ನಿಮ್ಮ ಎರಡು ಪೋಸ್ಟ್ ಕಾರ್ಡುಗಳೂ ತಲುಪಿದವು. ಪರೀಕ್ಷೆ, ಮೌಲ್ಯಮಾಪನ, ಹೊಸ ವರ್ಷದ ದಾಖಲಾತಿ ಎಂದು ಕಾರಣ ಕೊಡಬಹುದು. ಕೊಡುವುದಿಲ್ಲ.

ದೊಡ್ಡಪ್ಪನ ಮಗ ಸಿದ್ದೇಶ ನಾಳೆ ಮದ್ದೂರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಪೆಟ್ಟಿಗೆ ಕಳಿಸುತ್ತಿದ್ದೇನೆ. ಬ್ಯಾಟರಿ, ಸ್ವಿಚ್ಚು ಎಲ್ಲ ಇದೆ. ಸ್ವಿಚ್ಚು ಆಫ್‌ನಲ್ಲಿಯೇ ಇದೆ, ನೋಡಿಕೊಳ್ಳಿ.

ಅವ್ವನ ವಿಚಾರ ನಿಮಗೆ ಹೇಳಬಾರದು, ಆದರೂ ಹೇಳುತ್ತೇನೆ. ಅವಳು ದಿನವೂ ಬೆಳಿಗ್ಗೆ ದೀಪ ಹಚ್ಚಿ ನಿಮ್ಮನ್ನು ಶಪಿಸುತ್ತಾಳೆ. ಆಮೇಲೆ ಮುದ್ದೆ ಉಣ್ಣುತ್ತಾಳೆ. ಒಂದು ದಿನ ಮರೆತಳು, ಅವತ್ತು ಸಂಜೆಯವರೆಗೂ ಉಣ್ಣದೆ ಮಲಗಿದ್ದಳು. ಬೈಯಲು ಒಬ್ಬರಿದ್ದಾರೆ ಎಂಬುದೇ ಅವಳನ್ನು ಎಬ್ಬಿಸಿ ಕೂರಿಸುತ್ತಿದೆ. ಅದನ್ನು ಅವಳಿಂದ ಕಸಿದುಕೊಳ್ಳುವುದು ಹೇಗೆ?

ನಾನು ಪಾಠಕ್ಕೆ ಹೋಗುತ್ತೇನೆ, ಬರುತ್ತೇನೆ. ಮೊದಲು ಸಂಜೆ ಒಂದೆರಡು ಪದ್ಯ ಓದದಿದ್ದರೆ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಈಗ ಪುಸ್ತಕ ಬಿಡಿಸಿದರೆ ಪ್ರತಿ ಪದವೂ ಬೇರೆ ಏನನ್ನೋ ಹೇಳುತ್ತಿರುವಂತೆ ತೋರುತ್ತದೆ. ಮೊನ್ನೆ ತರಗತಿಯಲ್ಲಿ ಶ್ಲೇಷಾಲಂಕಾರದ ಪಾಠವಿತ್ತು. ಅದನ್ನು ಬಿಟ್ಟು ಮುಂದಿನ ಪಾಠಕ್ಕೆ ಹೋದೆ.

ನೀವು ಕೇಳಿದ ಪ್ರಶ್ನೆಗೆ ಈ ಕಾಗದದಲ್ಲಿ ಉತ್ತರವಿಲ್ಲ.

ಕುಸುಮ


ಮದ್ದೂರು
18 ಜುಲೈ 2024

ಕುಸುಮ ಮೇಡಂ ಅವರಿಗೆ,

ಪೆಟ್ಟಿಗೆ ತಲುಪಿತು. ಬಿಚ್ಚಲು ನನಗೆ ಹತ್ತು ದಿನ ಬೇಕಾಯಿತು. ದಿನಾ ಬೆಂಚಿನ ಮೇಲೆ ಇಟ್ಟು ವಾಪಸ್ಸು ಕಪಾಟಿಗೆ ಸೇರಿಸುತ್ತಿದ್ದೆ.

ರೆಸಿಸ್ಟರ್ ಇದ್ದ ಜಾಗದಲ್ಲೇ ಇದೆ. ಬೆಸುಗೆ ಬಿಟ್ಟಿಲ್ಲ. ಭೂತಗನ್ನಡಿ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ಬಿರುಕಿಲ್ಲ. ಬೇರೆ ಬ್ಯಾಟರಿ ಹಾಕಿ, ಪ್ಲಗ್ಗನ್ನು ಬೆಂಚಿನ ಮೇಲೆ ಇಟ್ಟು, ಅಯಸ್ಕಾಂತವನ್ನು ಕೈಯಲ್ಲಿ ಹಿಡಿದು ಸೆನ್ಸರ್ ಮುಂದೆ ಆಡಿಸಿದೆ. ಸ್ವಿಚ್ ಆನ್ ಇದ್ದಾಗ ಪ್ರತಿ ಸಲ ಕಿಡಿ. ಆಫ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಡಿಸಿದೆ. ಕಿಡಿ ಇಲ್ಲ. ಇನ್ನೂರು ಸಲ ಮಾಡಿದೆ. ಒಂದು ಸಲವೂ ಇಲ್ಲ. ನಾಗಮಣಿ ಪಕ್ಕದಲ್ಲಿ ಕೂತು ಹುಣಸೆಬೀಜ ಇಟ್ಟು ಎಣಿಸಿದಳು.

ಆಮೇಲೆ ನಿಮ್ಮ ಬ್ಯಾಟರಿ ನೋಡಿದೆ. ಅದು ನಾಲ್ಕು ಸೆಲ್ಲಿನದು. ಆ ಶನಿವಾರ ಅಂಗಡಿಯಲ್ಲಿ ತುಂಬ ಚಾರ್ಜ್ ಮಾಡಿ ಕಳಿಸಿದವನು ನಾನೇ. ಸ್ವಿಚ್ ಆಫ್ ಮಾಡಿ ಇಟ್ಟ ಬ್ಯಾಟರಿಯೂ ತಿಂಗಳುಗಟ್ಟಲೆ ಕೂತರೆ ಸೋರುತ್ತದೆ, ಆದರೆ ಐದು ತಿಂಗಳಿಗೆ ಅರ್ಧದಷ್ಟಾದರೂ ಉಳಿಯಬೇಕು. ಇದರಲ್ಲಿ ಸೊನ್ನೆ. ಎರಡು ಸೆಲ್ಲು ಬಿಳಿ ಉಪ್ಪು ಕಾರಿಕೊಂಡಿವೆ. ಸುಮ್ಮನೆ ಇಟ್ಟ ಬ್ಯಾಟರಿ ಹೀಗಾಗುವುದಿಲ್ಲ. ಸ್ವಿಚ್ ಆನ್‌ನಲ್ಲೇ ಬಿಟ್ಟು, ಕೊನೆ ಹನಿಯವರೆಗೂ ಬಸಿದರೆ ಹೀಗಾಗುತ್ತದೆ. ಇಂಥ ಬ್ಯಾಟರಿಗಳನ್ನು ನಾನು ನೂರಾರು ನೋಡಿದ್ದೇನೆ.

ಸ್ವಿಚ್ ಆಫ್‌ನಲ್ಲಿಯೇ ಇದೆ, ನೋಡಿಕೊಳ್ಳಿ ಅಂತ ನೀವು ಬರೆದಿರಿ. ನೋಡಿದೆ.

ಇನ್ನು ನಾನು ಏನೂ ಕೇಳುವುದಿಲ್ಲ. ಆರು ತಿಂಗಳು ನಾನು ಕೊಲೆಗಾರ ಅಂದುಕೊಂಡು ಮಲಗಿದ್ದೇನೆ, ಎದ್ದಿದ್ದೇನೆ. ಅದು ನಿಮಗೆ ಗೊತ್ತಿರಲಿ ಅಂತ ಬರೆದೆ.

ಶಿವರಾಮು


ಮಳವಳ್ಳಿ
1 ಸೆಪ್ಟೆಂಬರ್ 2024

ಶಿವರಾಮು,

ಇಪ್ಪತ್ತು ವರ್ಷ ನೀನು ಎಂದವಳು ಇಷ್ಟು ದಿನ ನೀವು ಎಂಬುದರ ಹಿಂದೆ ಅಡಗಿ ಕೂತಿದ್ದೆ. ಇನ್ನು ಆಗುವುದಿಲ್ಲ.

ಸ್ವಿಚ್ಚು ಆನ್ ಇತ್ತು. ಆಫ್ ಎಂದು ನಾನು ಪೊಲೀಸರಿಗೆ ಹೇಳಿದ್ದು ಸುಳ್ಳು. ಅವ್ವನಿಗೆ ಹೇಳಿದ್ದು ಸುಳ್ಳು, ನಿನಗೆ ಬರೆದದ್ದು ಸುಳ್ಳು. ಯತೀಶನಿಗೆ ಹೇಳಿದ್ದು ಮಾತ್ರ ನಿಜ. ಅವನು ಸತ್ತದ್ದು ಆ ನಿಜದಿಂದ.

ನಮ್ಮಪ್ಪ ನಿಂಗಯ್ಯ ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದರು. ಕಾಲುವೆಯ ತೂಬುಗಳನ್ನು ತೆಗೆಯುವುದು, ಮುಚ್ಚುವುದು ಅವರ ಕೆಲಸ. ಊಟಕ್ಕೆ ಕೂತಿದ್ದರೂ ಯಾರಾದರೂ ಬಂದು 'ನಿಂಗಣ್ಣ, ತೆಗಿಯಾಕಿಲ್ವಾ' ಎಂದರೆ ಎದ್ದು ಹೋಗುತ್ತಿದ್ದರು. ನಾನೂ ಯತೀಶನೂ ಹಿಂದೆಯೇ ಓಡುತ್ತಿದ್ದೆವು. ತೆಗೆದರೆ ನೀರು ಬರುತ್ತದೆ. ನಮಗೆ ಆ ಪದ ಮೊದಲು ಗೊತ್ತಾದದ್ದು ಹಾಗೆ.

ಆ ಭಾನುವಾರ ಬೆಳಿಗ್ಗೆ ಅವನು ನನಗೆ ಸ್ವಿಚ್ಚು ತೋರಿಸಿದ. 'ಅಕ್ಕ, ಇದು ಅಪ್ಪನ ತೂಬಿದ್ದಂಗೆ ಕಣಕ್ಕ. ತೆಗುದ್ರೆ ಕರೆಂಟು ಅರೀತದೆ, ಈ ಕೆಂಪು ದೀಪ ಉರೀತದೆ. ಮುಚ್ಚುದ್ರೆ ನಿಂತೋಯ್ತದೆ. ಅಷ್ಟೇಯ' ಎಂದ. ನಾನು ನಕ್ಕೆ. ಅಕ್ಕನಿಗೆ ಹೋಲಿಕೆ ಕೊಟ್ಟು ಹೇಳಿದರೆ ಬೇಗ ತಲೆಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನಿಮ್ಮಿಬ್ಬರ 'ಐತೆ, ಇಲ್ಲ' ಎಂಬ ಎರಡು ಮಾತುಗಳನ್ನು ಅವನು ನನಗೆ ಹೇಳಿಕೊಡಲಿಲ್ಲ. ತೂಬು ಸಾಕೆಂದುಕೊಂಡಿರಬೇಕು.

ಕೆರೆಯಂಗಳದಲ್ಲಿ 'ಎಲ್ಲಿ, ತೂಬು ತೆಗಿ' ಎಂದ. ತೆಗೆದೆ. ಕೆಂಪು ದೀಪ ಹೊತ್ತಿತು. ಕೋಲಿನಿಂದ ಫ್ಯಾನಿಗೆ ಹತ್ತು ಹನ್ನೆರಡು ಸಲ ಹೊಡೆದ. ಇಂಜಿನ್ ಕೆಮ್ಮಿತು, ಏಳಲಿಲ್ಲ. 'ಮುಂಡೇದು, ಪೆಟ್ರೋಲು ಜಾಸ್ತಿ ಕುಡ್ಕಬುಡ್ತು' ಎಂದು ಕೋಲನ್ನು ಕೆಳಗಿಟ್ಟ. ಮುಖ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ ಕೇಳಿದ:

'ತೆಗ್ದಿದ್ದೀಯಾ?'

'ತೆಗ್ದಿದ್ದೀನಿ ಕಣಪ್ಪ' ಎಂದೆ.

ಅವನು ಕೈ ಹಾಕಿದ.

ನಲ್ಲಿ ತೆಗೆದರೆ ನೀರು ಬರುತ್ತದೆ, ಮನೆಯ ಫ್ಯಾನು ತೆಗೆದರೆ ಗಾಳಿ ನಿಲ್ಲುತ್ತದೆ. ಲೈಟು ತೆಗಿ, ಟೀವಿ ತೆಗಿ ಎಂದು ಅವನೇ ನನಗೆ ಸಾವಿರ ಸಲ ಹೇಳಿರಬೇಕು. ಮೊದಲ ಸಲ ಅವನು ಆಡಿದ್ದು ಅಪ್ಪನ ಮಾತು, ಎರಡನೇ ಸಲ ಆಡಿದ್ದು ಮನೆಯ ಮಾತು, ಆರಿಸಿದ್ದೀಯಾ ಎಂದು. ನಾನು ಅಪ್ಪನ ಮಾತಿನಲ್ಲೇ ನಿಂತಿದ್ದೆ. ಒಂದೇ ಪದಕ್ಕೆ ಎರಡು ವಿರುದ್ಧ ಅರ್ಥ ಎಂದು ಪ್ರತಿ ವರ್ಷ ನಾನು ತರಗತಿಯಲ್ಲಿ ಕೊಡುವ ಉದಾಹರಣೆಯೇ ಇದು. ಮಕ್ಕಳು ನಗುತ್ತಾರೆ.

ಅಷ್ಟನ್ನು ತಪ್ಪು ಎನ್ನಬಹುದು. ಆಮೇಲೆ ಮಾಡಿದ್ದಕ್ಕೆ ಆ ಹೆಸರು ಸಾಲದು. ಅವ್ವ ನಿನ್ನ ಅಂಗಿ ಹಿಡಿದಾಗ ನನಗೆ ಆದದ್ದು ಸಂಕಟವಲ್ಲ ಶಿವರಾಮು, ನಿರಾಳ. ಅಲ್ಲಿ ನೂರು ಜನ ಇದ್ದರು, ಒಬ್ಬರೂ ತಡೆಯಲಿಲ್ಲ. ಆ ಪೆಟ್ಟಿಗೆ ಕಟ್ಟಿದವನು ಸಿದ್ದೇಶನಾಗಿದ್ದರೆ ಅವ್ವ ಅವನ ಅಂಗಿ ಹಿಡಿಯುತ್ತಿದ್ದಳೇ? ಹಿಡಿದರೆ ಜನ ಸುಮ್ಮನಿರುತ್ತಿದ್ದರೇ? ಇಪ್ಪತ್ತು ವರ್ಷ ನೀನು ನಮ್ಮ ಜಗುಲಿಯ ಮೇಲೆ ಕೂತೆ. ಒಳಗೆ ಬಾ ಎಂದು ನಾನೂ ಕರೆಯಲಿಲ್ಲ. ಆ ಸಾವು ಅಷ್ಟು ಸುಲಭವಾಗಿ ನಿನ್ನ ತಲೆಗೆ ಬಂದದ್ದು ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು.

ಸಿದ್ದೇಶ ವಿಮಾನ ತಂದು ಮನೆಯಲ್ಲಿ ಇಟ್ಟಾಗ ಕೆಂಪು ದೀಪ ಉರಿಯುತ್ತಲೇ ಇತ್ತು. ಅದೇನೆಂದು ಅವನಿಗೆ ತಿಳಿಯದು. ನಾನು ಬೆಡ್‌ಶೀಟ್ ಮುಚ್ಚಿದೆ. ಬಟ್ಟೆಯೊಳಗಿಂದಲೂ ಕಾಣುತ್ತಿತ್ತು. ಮುಟ್ಟಲು ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ತಾನಾಗಿ ಆರಿತು. ಜೂನಿನಲ್ಲಿ ನಿನಗೆ ಕಳಿಸುವ ಮುಂಚೆ ಸ್ವಿಚ್ಚನ್ನು ಹಿಂದಕ್ಕೆ ತಳ್ಳಿದೆ. ಅವನು ಕೇಳಿದ್ದನ್ನು ಐದು ತಿಂಗಳು ತಡವಾಗಿ ಮಾಡಿದೆ.

ಕ್ಷಮಿಸು ಎಂದು ಬರೆಯಬೇಕು. ಬರೆದಿದ್ದೇನೆ.

ಕುಸುಮಕ್ಕ


ಮದ್ದೂರು
20 ಸೆಪ್ಟೆಂಬರ್ 2024

ಕುಸುಮಕ್ಕನಿಗೆ,

ಕಾಗದ ಓದಿದೆ. ನಾಗಮಣಿಗೂ ಓದಿ ಹೇಳಿದೆ. ಅವಳು ಎದ್ದು ಹೋಗಿ ಪಾತ್ರೆ ಬೆಳಗಿದಳು.

ಆ ಎರಡು ಮಾತನ್ನು ನಿಮಗೂ ಹೇಳಿಕೊಡು ಅಂತ ಯತೀಶನಿಗೆ ನಾನು ಹೇಳಬೇಕಿತ್ತು. ಅಷ್ಟು ನನ್ನದು. ಅದಕ್ಕಿಂತ ಜಾಸ್ತಿ ನಾನು ಹೊರುವುದಿಲ್ಲ.

ಕ್ಷಮಿಸು ಅಂದಿರಿ. ಅವ್ವ ನನ್ನ ಅಂಗಿ ಹಿಡಿದಿದ್ದು ಕಾಗದದಲ್ಲಿ ಅಲ್ಲ. ಹೊಲದಲ್ಲಿ, ಜನರ ಮುಂದೆ. ವರ್ಷದ ತಿಥಿಗೆ ಅದೇ ಜನ ಅದೇ ಹೊಲಕ್ಕೆ ಬರುತ್ತಾರೆ. ಅಲ್ಲಿ ಹೇಳಿ.

ಶಿವರಾಮು


ಮಳವಳ್ಳಿ
13 ಜನವರಿ 2025

ಶಿವರಾಮು,

ಹೇಳಿದೆ.

ಮೊದಲು ಅವ್ವನಿಗೆ ಹೇಳಿದ್ದು ಅಕ್ಟೋಬರಿನಲ್ಲಿ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಪೂರ್ತಿ ಹೇಳಿದೆ, ತೂಬಿನಿಂದ ಹಿಡಿದು ಬ್ಯಾಟರಿಯವರೆಗೆ. ಅವಳ ಕೈ ನಿಲ್ಲಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿದ ಮೇಲೆ, 'ಈಗ್ಯಾಕೆ ಅದ್ನ ತೆಗಿತೀಯಾ?' ಎಂದಳು.

ನೋಡು, ಆ ಪದಕ್ಕೆ ಮೂರನೆಯ ಅರ್ಥವೂ ಇದೆ.

ಆಮೇಲೆ ಹೇಳಿದಳು, 'ಒಬ್ಬ ಓದ. ನಿನ್ನೂ ಕೊಡಾಕಾಗಕಿಲ್ಲ ನನ್ಗೆ. ಆ ಪೆಟ್ಗೆನೇ ತಿಂತು. ಅಂಗೇ ಇರ್ಲಿ ಬುಡು.' ಮರುದಿನ ಬೆಳಿಗ್ಗೆ ದೀಪ ಹಚ್ಚಿ ಮತ್ತೆ ನಿನ್ನನ್ನು ಶಪಿಸಿದಳು. ಈ ಸಲ ನನ್ನ ಮುಖ ನೋಡಿಕೊಂಡು ಶಪಿಸಿದಳು.

ತಿಥಿಯ ದಿನ ಹೊಲದಲ್ಲಿ ಅವನನ್ನು ಹೂತ ಗುಡ್ಡೆಗೆ ಎಡೆ ಇಟ್ಟು, ಎಲೆ ಹಾಕಿ ಎಲ್ಲರನ್ನೂ ಕೂರಿಸಿದ್ದರು. ನಾನು ಎದ್ದು ನಿಂತು ಹೇಳಿದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿ ನನ್ನದು, ಎಲ್ಲರಿಗೂ ಕೇಳಿಸಿತು. ಶಿವರಾಮು ಕಟ್ಟಿದ ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ, ಸ್ವಿಚ್ಚು ನನ್ನ ಕೈಯಲ್ಲಿತ್ತು, ಆನ್ ಇತ್ತು ಎಂದೆ. ಊರ ಹಿರಿಯರು ದೊಡ್ಡಸಿದ್ದಯ್ಯನವರು, 'ತಮ್ಮನ್ನ ಕಳ್ಕಂಡ ಸಂಕಟ ಕಣ್ರಪ್ಪ. ಇಂಗೆಲ್ಲ ಮಾತಾಡುಸ್ತದೆ. ಯಾರೂ ಮನ್ಸಿಗೆ ತಕಬ್ಯಾಡಿ' ಎಂದರು. ಸಿದ್ದೇಶ ನನ್ನ ತೋಳು ಹಿಡಿದು, 'ಕೂತ್ಕಳಕ್ಕ, ಸಾರು ಆರೋಯ್ತದೆ' ಎಂದ. ಯಾರೋ ಉಪ್ಪು ಕೇಳಿದರು.

ಅಷ್ಟೆ. ಸತ್ಯ ಹೇಳಿದರೆ ಏನಾದೀತೆಂದು ಒಂದು ವರ್ಷ ಹೆದರಿದ್ದೆ. ಏನೂ ಆಗಲಿಲ್ಲ. ಅವರಿಗೆ ನನ್ನನ್ನು ನಂಬದಿರುವುದು ನಿನ್ನನ್ನು ನಂಬುವುದಕ್ಕಿಂತ ಸುಲಭ.

ಪೊಲೀಸು ಠಾಣೆಗೂ ಹೋಗಿ ಹೇಳಿಕೆ ಬರೆದುಕೊಟ್ಟಿದ್ದೇನೆ. ಪ್ರಕರಣ ಮುಗಿದಿದೆಯಲ್ಲ ಮೇಡಂ ಎಂದರು, ಆದರೂ ತೆಗೆದುಕೊಂಡರು. ಇದರ ಜೊತೆ ಬೇರೆ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಅದನ್ನೇ ಬರೆದಿದ್ದೇನೆ. ಹೆಸರು, ಕೆಲಸ, ಸಹಿ ಎಲ್ಲ ಇದೆ. ಅಂಗಡಿಯ ಗೋಡೆಗೆ, ಬಂದವರಿಗೆ ಕಾಣುವಂತೆ ಅಂಟಿಸು. ನನ್ನ ಮೇಲೆ ಕನಿಕರ ತೋರಿಸಿ ಮಡಿಸಿ ಒಳಗೆ ಇಟ್ಟುಬಿಡಬೇಡ.

ಕುಸುಮಕ್ಕ


ಮದ್ದೂರು
2 ಫೆಬ್ರವರಿ 2025

ಕುಸುಮಕ್ಕನಿಗೆ,

ನಿಮ್ಮ ಹಾಳೆ ಬಂದ ದಿನವೇ ಅಂಟಿಸಿದೆ. ಕನಿಕರ ತೋರಿಸುವ ಸ್ಥಿತಿಯಲ್ಲಿ ನಾನಿಲ್ಲ. ಕೆಲವರು ಓದಿ ಸುಮ್ಮನೆ ಹೋಗುತ್ತಾರೆ. ಮರಿಸಿದ್ದಯ್ಯ ಎರಡು ಸಲ ಓದಿ, ಮಾರನೇ ದಿನ ಪಂಪ್‌ಸೆಟ್ಟಿನ ಸ್ಟಾರ್ಟರ್ ತಂದು ಬೆಂಚಿನ ಮೇಲೆ ಇಟ್ಟು ಹೋದ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವ್ವ ಬಂದಿದ್ದರು. ಮಳವಳ್ಳಿ ಬಸ್ಸಿನಲ್ಲಿ, ಒಬ್ಬರೇ. ನಿಮಗೆ ಹೇಳಿರಲಾರರು.

ಬಾಗಿಲಲ್ಲೇ ನಿಂತು ಗೋಡೆ ನೋಡಿದರು. 'ಅದೇನ್ಲಾ ಅದು? ಓದು' ಅಂದರು. ಓದಿದೆ. 'ಇನ್ನೊಂದ್ ಸಲ' ಅಂದರು. ಓದಿದೆ.

'ಇದ್ನ ತೆಗಿ' ಅಂದರು.

'ತೆಗಿಯಲ್ಲ ಕಣವ್ವ.'

'ನನ್ ಮಗಳ್ ಎಸ್ರು ಕಣ್ಲಾ ಅದು. ದಾರೀಲೋಗೋರೆಲ್ಲ ಓದ್ತಾರೆ.'

'ನಂಗೂ ಒಂದ್ ಎಸ್ರಿತ್ತು ಕಣವ್ವ.'

ಅವರು ಬೆಂಚಿನ ಕಡೆ ತಿರುಗಿದರು. ಆಮೇಲೆ, 'ಎಲ್ಲಿ ಆ ಪೆಟ್ಗೆ, ತೋರ್ಸು' ಅಂದರು.

ಬೆಂಚಿನ ಮೇಲೆ ಇಟ್ಟು ಹೊಸ ಬ್ಯಾಟರಿ ಜೋಡಿಸಿದೆ. ಸ್ವಿಚ್ ಹಾಕಿದೆ, ಕೆಂಪು ದೀಪ ಬಂತು. ಅಯಸ್ಕಾಂತ ಆಡಿಸಿದೆ. ಟಿಕ್ ಅಂತ ಪ್ಲಗ್ಗಿನಲ್ಲಿ ನೀಲಿ ಕಿಡಿ ಬಂತು. ಅವರು ಹೆಜ್ಜೆ ಹಿಂದಿಟ್ಟರು. 'ಇಷ್ಟೇಯ?' ಅಂದರು. 'ಇಷ್ಟೇ' ಅಂದೆ.

ಆಮೇಲೆ ಅವರೇ ಮುಂದೆ ಬಂದು, ನಾನು ಬೇಡ ಅನ್ನುವುದರೊಳಗೆ, ಬೆರಳಲ್ಲಿ ಸ್ವಿಚ್ಚನ್ನು ಹಿಂದಕ್ಕೆ ತಳ್ಳಿದರು. ದೀಪ ಹೋಯಿತು.

'ಈಗ?'

ಅಯಸ್ಕಾಂತ ಆಡಿಸಿದೆ. 'ಕಿಡಿ ಇಲ್ಲ' ಅಂದೆ.

'ಇನ್ನೊಂದ್ ಸಲ.'

'ಇಲ್ಲ ಕಣವ್ವ.'

ಹತ್ತು ಹದಿನೈದು ಸಲ ಆಡಿಸಿದೆ. ಅವರು ಕಣ್ಣು ಮಿಟುಕಿಸದೆ ಪ್ಲಗ್ಗನ್ನೇ ನೋಡುತ್ತಿದ್ದರು. ಕೊನೆಗೆ ಅವರೇ 'ಇಲ್ಲ' ಅಂದರು. ನನಗಲ್ಲ, ಪೆಟ್ಟಿಗೆಗೂ ಅಲ್ಲ. ಮಗನ ಬಗ್ಗೆ 'ಇಲ್ಲ' ಅನ್ನುವ ಮಾತು, ವರ್ಷವಾದ ಮೇಲೆ, ಅವರ ಬಾಯಲ್ಲಿ ಬಂದದ್ದು ಇದೇ ಮೊದಲಿರಬೇಕು. ಸ್ಟೂಲು ಎಳೆದುಕೊಂಡು ಕೂತರು.

ನಾಗಮಣಿ ನೀರು ತಂದು ಕೊಟ್ಟಳು. ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕುಡಿದರೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ.

ಒಂದು ಗಂಟೆಯ ಬಸ್ಸಿಗೆ ಹತ್ತಿಸಿ ಬಂದೆ. ಹೋಗುವಾಗ ಕಾಗದ ತೆಗಿ ಅಂತ ಮತ್ತೆ ಹೇಳಲಿಲ್ಲ. ಇರಲಿ ಅಂತಲೂ ಹೇಳಲಿಲ್ಲ. ಕಿಟಕಿ ಪಕ್ಕ ಕೂತು ಮುಂದಕ್ಕೆ ನೋಡುತ್ತಿದ್ದರು. ಮನೆಯಲ್ಲಿ ಇವತ್ತು ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಏನಂದರು ಅಂತ ನಿಮಗೆ ಗೊತ್ತಿರುತ್ತದೆ. ನನಗೆ ಬರೆಯಬೇಡಿ. ಅವರು ಉಂಡರೇ ಅನ್ನುವುದೊಂದನ್ನು ಬರೆಯಿರಿ.

ಕಾಗದ ಗೋಡೆ ಮೇಲೆ ಐತೆ.

ಶಿವರಾಮು